ಹೊರಗೆ ಹಾಕಿದ ಮೇಲೆ ಹುಡುಕಿಕೊಂಡು ಬಂದವನು

ಯೂತ್ ಸರ್ವಿಸ್, ಶನಿವಾರ ಸಂಜೆಯ ಸಂದೇಶ
ವಾಕ್ಯಭಾಗ: ಯೋಹಾನ 9:1–38

ಟ್ರಾಫಿಕ್ ದಾಟಿಕೊಂಡು, ಆಫೀಸ್ ಮುಗಿಸಿ, ಪಿಜಿ ಊಟ ಬಿಟ್ಟು ಬಂದಿದ್ದೀರಿ. ನೀವು ಬಂದಿದ್ದು ವ್ಯರ್ಥ ಆಗಲ್ಲ. ಬೈಬಲ್ ತೆರೆದುಕೊಳ್ಳಿ. ಮೊಬೈಲ್‌ನಲ್ಲಿ ಬೈಬಲ್ ಇರೋರು ಮೊಬೈಲೇ ತೆರೀರಿ, ಪರವಾಗಿಲ್ಲ. ಇವತ್ತಿನ ಸಂದೇಶ ಆ ಮೊಬೈಲ್ ಬಗ್ಗೆನೇ.

ಒಂದು ವಿಷಯ ಹೇಳಿ ಶುರು ಮಾಡ್ತೀನಿ. ನಮ್ಮ ಸಭೆಯ ಒಬ್ಬ ತಮ್ಮನ ಕಥೆ ಇದು. ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ. ನಾಲ್ಕು ವರ್ಷದಿಂದ ಒಂದು ಪೇಜ್ ನಡೆಸ್ತಿದ್ದ. ಮದುವೆ ಫೋಟೋ ತೆಗೆಯೋದು ಅವನ ಕೆಲಸ. ಆ ಫೋಟೋಗಳು, ತನ್ನ ಸಾಕ್ಷಿ, ಜೊತೆಗೆ ನಮ್ಮ ಭಾನುವಾರದ ಸಂದೇಶದ ಚಿಕ್ಕ ವಿಡಿಯೋಗಳು, ಎಲ್ಲ ಅದರಲ್ಲೇ. ಇಪ್ಪತ್ತಮೂರು ಸಾವಿರ ಜನ ಫಾಲೋ ಮಾಡ್ತಿದ್ರು. ಇಲ್ಲಿ ಕೂತಿರೋರಲ್ಲಿ ಕೆಲವರು ಮೊದಲ ಸಲ ಈ ಸಭೆಗೆ ಬಂದಿದ್ದೇ ಆ ವಿಡಿಯೋ ನೋಡಿ.

ಒಂದು ಮಂಗಳವಾರ ಬೆಳಿಗ್ಗೆ ಎದ್ದು ಫೋನ್ ಹಿಡಿದ. ಲಾಗ್‌ಔಟ್ ಆಗಿತ್ತು. ಮತ್ತೆ ಪಾಸ್‌ವರ್ಡ್ ಹಾಕಿದ್ರೆ ಎರಡೇ ಸಾಲು: ನಿಯಮ ಮೀರಿದ್ದೀರಿ, ನಿಮ್ಮ ಅಕೌಂಟ್ ತೆಗೆದು ಹಾಕಿದ್ದೇವೆ ಅಂತ. ಯಾವ ನಿಯಮ? ಯಾವ ವಿಡಿಯೋ? ಇಲ್ಲ. ಅಪೀಲ್ ಮಾಡಿದ, ಯಂತ್ರದಿಂದ ಉತ್ತರ ಬಂತು. ಇನ್ನೊಂದು ಸಲ ಮಾಡಿದ, ಅದೇ ಉತ್ತರ. ಏಳು ಮದುವೆಯ ಬುಕಿಂಗ್ ಮಾತುಕತೆ ಆ ಇನ್‌ಬಾಕ್ಸ್‌ನಲ್ಲಿತ್ತು. ಆ ಜನರ ಫೋನ್ ನಂಬರ್ ಕೂಡ ಅವನ ಹತ್ರ ಇರಲಿಲ್ಲ.

ಅವನು ನನಗೆ ಫೋನ್ ಮಾಡಿ ಹೇಳಿದ. ನಾನು ಮೊದಲು ಕೇಳಿದ ಪ್ರಶ್ನೆ ಏನು ಗೊತ್ತಾ? "ತಮ್ಮಾ, ನಮ್ಮ ವಿಡಿಯೋಗಳ ಬ್ಯಾಕಪ್ ಇದ್ಯಾ?"

ಈ ಪ್ರಶ್ನೆಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಕೊನೆಗೆ ಅದಕ್ಕೆ ವಾಪಸ್ ಬರ್ತೀನಿ.

ಬಾಡಿಗೆ ಮನೆ

ಅಕೌಂಟ್ ಬ್ಯಾನ್ ಆದ್ರೆ ಏನಾಗ್ತದೆ? ದೊಡ್ಡವರು ಹೇಳ್ತಾರೆ, "ಅಯ್ಯೋ, ಅದೊಂದು ಆ್ಯಪ್ ಅಷ್ಟೇ ತಾನೇ? ಇನ್ನೊಂದು ಓಪನ್ ಮಾಡ್ಕೋ." ತಂದೆತಾಯಂದಿರೇ, ಹಾಗೆ ಹೇಳಬೇಡಿ. ನಿಮ್ಮ ಅಂಗಡಿಗೆ ರಾತ್ರೋರಾತ್ರಿ ಬೀಗ ಬಿದ್ದು, ಲೆಕ್ಕದ ಪುಸ್ತಕ, ಗಿರಾಕಿಗಳ ವಿಳಾಸ, ಗೋಡೆ ಮೇಲಿನ ಫೋಟೋ ಎಲ್ಲ ಒಳಗೇ ಉಳಿದ್ರೆ ನಿಮಗೆ ಹೇಗಿರ್ತದೆ? ನಿಮ್ಮ ಮಗನಿಗೆ, ಮಗಳಿಗೆ ಅದೇ ಆಗಿದೆ.

ಬೆಂಗಳೂರಲ್ಲಿ ಇರೋ ನಮಗೆ ಬಾಡಿಗೆ ಮನೆ ಚೆನ್ನಾಗಿ ಗೊತ್ತು. ಬಣ್ಣ ಹೊಡಿಸ್ತೀವಿ, ಪರದೆ ಹಾಕ್ತೀವಿ, ಬಾಲ್ಕನಿಯಲ್ಲಿ ತುಳಸಿಯೋ ಮನಿ ಪ್ಲಾಂಟೋ ಇಡ್ತೀವಿ. ನಮ್ಮ ಮನೆ ಅಂತಲೇ ಅನ್ನಿಸ್ತದೆ. ಆದ್ರೆ ಓನರ್ ಒಂದು ದಿನ ಬಂದು "ಖಾಲಿ ಮಾಡಿ" ಅಂದ್ರೆ ಆಗ ಅಗ್ರಿಮೆಂಟ್ ನೆನಪಾಗ್ತದೆ. ಆ್ಯಪ್‌ಗಳಲ್ಲೂ ಹೀಗೇ. "ಐ ಅಗ್ರೀ" ಒತ್ತಿದ್ದೀವಿ, ಓದಿಲ್ಲ. ಓದಿದ್ದೀನಿ ಅನ್ನೋರು ಕೈ ಎತ್ತಿ ನೋಡೋಣ. (ನಗು) ಪಾಸ್ಟರ್ ಕೈ ಕೂಡ ಕೆಳಗೇ ಇದೆ.

ದೊಡ್ಡವರು ಚಿಕ್ಕವರು ಅಂತ ಇಲ್ಲ. 2020ರ ಜೂನ್ 29ರ ರಾತ್ರಿ ನಮ್ಮ ಸರ್ಕಾರ 59 ಆ್ಯಪ್‌ಗಳನ್ನ ಬ್ಯಾನ್ ಮಾಡ್ತು, ಅದರಲ್ಲಿ ಟಿಕ್‌ಟಾಕ್ ಒಂದು. ಗಡಿಯ ವಿಷಯ, ದೇಶದ ಭದ್ರತೆಯ ವಿಷಯ, ಅದರ ಸರಿ ತಪ್ಪು ಇವತ್ತಿನ ಮಾತಲ್ಲ. ಆದ್ರೆ ಹಳ್ಳಿಯಲ್ಲಿ ದನ ಕಾಯ್ತಾ ಡಾನ್ಸ್ ಮಾಡಿ ಹೆಸರಾಗಿದ್ದ ಹುಡುಗರು, ಹುಡುಗಿಯರು, ಸಂಜೆ ಲಕ್ಷಾಂತರ ಫಾಲೋವರ್ಸ್ ಇದ್ದವರು, ಆ ಮೇಲೆ ಯಾರಿಗೂ ಕಾಣದ ಹಾಗೆ ಆದ್ರು. 2021ರ ಜನವರಿ 8ಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಟ್ರಂಪ್ ಅವರ ಟ್ವಿಟರ್ ಅಕೌಂಟನ್ನೇ ಕಂಪನಿ ಮುಚ್ಚಿಬಿಡ್ತು. 8 ಕೋಟಿ 80 ಲಕ್ಷ ಫಾಲೋವರ್ಸ್! ರಾಜಕೀಯ ಮಾತಾಡ್ತಿಲ್ಲ, ಒಂದೇ ಮಾತು ಹೇಳ್ತಿದ್ದೀನಿ: ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವರಿಗೂ ಅಲ್ಲಿ ಬಾಡಿಗೆ ಮನೆಯೇ. ಪಕ್ಕದಲ್ಲಿರೋರಿಗೆ ಹೇಳಿ, "ಅದು ಬಾಡಿಗೆ ಮನೆ." ಆಮೆನ್?

ಹಾಗಾದ್ರೆ ಬೀದಿಗೆ ಬಿದ್ದವನ ಗತಿ ಏನು? ಅದಕ್ಕೆ ಯೋಹಾನ ಒಂಬತ್ತಕ್ಕೆ ಹೋಗೋಣ.

ಹುಟ್ಟು ಕುರುಡನ ವಿಚಾರಣೆ

ಈ ಅಧ್ಯಾಯ ಅಂದ ಕೂಡಲೇ ನಮಗೆ ಅದ್ಭುತ ನೆನಪಾಗ್ತದೆ. ಯೇಸು ಸ್ವಾಮಿ ಮಣ್ಣನ್ನ ಉಗುಳಿನಿಂದ ಕಲಸಿ, ಕಣ್ಣಿಗೆ ಹಚ್ಚಿ, ಸಿಲೋವ ಕೊಳಕ್ಕೆ ಹೋಗಿ ತೊಳ್ಕೋ ಅಂದ್ರು. ಅವನು ಹೋದ, ತೊಳೆದ, ನೋಡುವವನಾಗಿ ಬಂದ. ಅದು ಏಳೇ ವಚನದಲ್ಲಿ ಮುಗೀತದೆ. ಉಳಿದ ಅಧ್ಯಾಯ ಪೂರ್ತಿ ಏನು? ವಿಚಾರಣೆ! ಒಬ್ಬ ಮನುಷ್ಯನನ್ನ ಮಂದಿ ಹೇಗೆ ಹೊರಗೆ ಹಾಕ್ತಾರೆ ಅನ್ನೋ ಕಥೆ.

ಮೊದಲು ಶಿಷ್ಯರ ಪ್ರಶ್ನೆ. ಇವನು ಕುರುಡನಾಗಿ ಹುಟ್ಟಿದ್ದಕ್ಕೆ ಪಾಪ ಮಾಡಿದ್ದು ಯಾರು, ಇವನಾ, ಇವನ ಅಪ್ಪ ಅಮ್ಮನಾ? ನೋಡಿ, ನೋವಿನಲ್ಲಿರೋನ ಮುಂದೆ ನಿಂತು ಕೇಳೋ ಮೊದಲ ಪ್ರಶ್ನೆ! ನಮ್ಮ ತಮ್ಮನಿಗೂ ಎಲ್ಲರೂ ಇದನ್ನೇ ಕೇಳಿದ್ರಂತೆ: "ಏನೋ ಹಾಕಿರ್ಬೇಕು ಬಿಡು. ಸುಮ್ ಸುಮ್ನೆ ತೆಗೀತಾರಾ?"

ಆಮೇಲೆ ಅಕ್ಕಪಕ್ಕದವರು. ದಿನಾ ನೋಡಿದ ಮುಖ, ಆದ್ರೂ ಇವನೇ ಅಂತಾರೆ ಕೆಲವರು, ಇವನ ಹಾಗೆ ಇದ್ದಾನೆ ಅಷ್ಟೇ ಅಂತಾರೆ ಇನ್ನು ಕೆಲವರು. ಅವನೇ ನಿಂತು "ನಾನೇ ರೀ ಅವನು" ಅಂತ ಹೇಳಬೇಕಾಯ್ತು. ಲಾಗಿನ್ ಸ್ಕ್ರೀನ್ ಮುಂದೆ ಕೂತು "ಇದು ನಾನೇ" ಅಂತ ಐಡಿ ಕಾರ್ಡ್ ಹಿಡಿದು ಸೆಲ್ಫಿ ಕಳಿಸಿದವರಿಗೆ ಈ ವಚನ ಅರ್ಥ ಆಗ್ತದೆ.

ನಂತರ ತಂದೆತಾಯಿ. ಫರಿಸಾಯರು ಕರೆದು ಕೇಳಿದ್ರು. ಅಪ್ಪ ಅಮ್ಮ ಏನಂದ್ರು? ಇವನು ನಮ್ಮ ಮಗ ನಿಜ, ಕುರುಡನಾಗಿ ಹುಟ್ಟಿದ್ದು ನಿಜ, ಈಗ ಹೇಗೆ ಕಾಣ್ತಾನೋ ಗೊತ್ತಿಲ್ಲ, ಅವನಿಗೆ ವಯಸ್ಸಾಗಿದೆ, ಅವನನ್ನೇ ಕೇಳಿ! ಯಾಕೆ ಹೀಗಂದ್ರು? ಇಪ್ಪತ್ತೆರಡನೇ ವಚನ ಕಾರಣ ಹೇಳ್ತದೆ. ಯೇಸುವೇ ಕ್ರಿಸ್ತ ಅಂತ ಒಪ್ಪಿಕೊಂಡವರಿಗೆ ಸಭಾಮಂದಿರದಿಂದ ಬಹಿಷ್ಕಾರ ಅಂತ ಮೊದಲೇ ತೀರ್ಮಾನ ಆಗಿತ್ತು. ಬ್ಯಾನ್ ಆಗೋ ಭಯ. ಮಗನಿಗೆ ಕಣ್ಣು ಬಂದ ದಿನ, ಅಪ್ಪ ಅಮ್ಮ ಮನಸ್ಸು ಬಿಚ್ಚಿ ಸಂತೋಷಪಡೋಕೂ ಹೆದರಿದ್ರು.

ಪ್ರಿಯರೇ, ಆ ಕಾಲದಲ್ಲಿ ಸಭಾಮಂದಿರ ಅಂದ್ರೆ ವಾರಕ್ಕೊಂದು ಸಲ ಹೋಗಿ ಬರೋ ಜಾಗ ಆಗಿರಲಿಲ್ಲ. ಅವನು ಯೆಹೂದ್ಯ, ಅವನನ್ನ ಗುಣಮಾಡಿದ ಯೇಸುವೂ ಯೆಹೂದ್ಯ, ಅವರೆಲ್ಲರಿಗೂ ಅದು ಪ್ರಾರ್ಥನೆಯ ಜಾಗ, ವಾಕ್ಯ ಕಲಿಯೋ ಜಾಗ, ತಮ್ಮ ಜನ ಸೇರೋ ಜಾಗ. ಅಲ್ಲಿಂದ ಹೊರಗೆ ಅಂದ್ರೆ ತನ್ನವರಿಂದಲೇ ಹೊರಗೆ.

ಇವನು ಮಾತ್ರ ಹೆದರಲಿಲ್ಲ. ಅವರು ಮತ್ತೆ ಮತ್ತೆ ಕೇಳಿದ್ರು. ಅವನಿಗೆ ಶಾಸ್ತ್ರ ಗೊತ್ತಿರಲಿಲ್ಲ, ವಾದ ಗೊತ್ತಿರಲಿಲ್ಲ. ಒಂದು ಗೊತ್ತಿತ್ತು: ಮೊದಲು ಕಾಣ್ತಿರಲಿಲ್ಲ, ಈಗ ಕಾಣ್ತದೆ. ಅದನ್ನೇ ಹಿಡಿದು ನಿಂತ. ಮೂವತ್ತನಾಲ್ಕನೇ ವಚನದಲ್ಲಿ ಅವನನ್ನ ಹೊರಗೆ ಹಾಕಿಬಿಟ್ರು.

ಅವನಿಂದ ಏನೇನು ಕಿತ್ಕೊಂಡ್ರು? ಜಾಗ ಕಿತ್ಕೊಂಡ್ರು. ಮರ್ಯಾದೆ ಕಿತ್ಕೊಂಡ್ರು. ಕಣ್ಣು ವಾಪಸ್ ಕಿತ್ಕೊಳ್ಳೋಕೆ ಆಯ್ತಾ? ಹಲ್ಲೆಲೂಯಾ! ದೇವರು ನಿನ್ನೊಳಗೆ ಮಾಡಿದ ಕೆಲಸವನ್ನ ಡಿಲೀಟ್ ಮಾಡೋ ಬಟನ್ ಯಾರ ಹತ್ರಾನೂ ಇಲ್ಲ.

ಎಲ್ಲ ಬ್ಯಾನ್ ಹಿಂಸೆಯಲ್ಲ

ಈಗ ಆಮೆನ್ ಜೋರಾಗಿ ಬಂತು. ಮುಂದಿನ ಮಾತಿಗೂ ಬರಬೇಕು, ನೋಡೋಣ.

ಅಕೌಂಟ್ ಹೋದವರೆಲ್ಲ ಈ ಕುರುಡನ ಹಾಗೆ ನೀತಿವಂತರಲ್ಲ. ಯಾರಿಗೋ ಕೆಟ್ಟ ಮಾತು ಬೈದು, ಬೇರೆ ಧರ್ಮದವರನ್ನ ಹೀಯಾಳಿಸಿ, ಒಬ್ಬ ಹುಡುಗಿಯ ಫೋಟೋ ಹಾಕಿ ನಕಲಿ ಅಕೌಂಟ್ ಮಾಡಿ, ದುಡ್ಡು ಕೊಟ್ಟು ಫಾಲೋವರ್ಸ್ ತಗೊಂಡು, ಆಮೇಲೆ ಬ್ಯಾನ್ ಆದ ಮೇಲೆ "ಸೈತಾನ ನನ್ನ ಸೇವೆ ಮೇಲೆ ದಾಳಿ ಮಾಡಿದ, ಪ್ರಾರ್ಥಿಸಿ" ಅಂತ ಸ್ಟೇಟಸ್ ಹಾಕಬೇಡಿ. ಸೈತಾನನಿಗೆ ಅವನ ಪಾಲಿನದ್ದೇ ಸಾಕಷ್ಟಿದೆ, ನಮ್ಮದನ್ನೂ ಅವನ ತಲೆಗೆ ಕಟ್ಟೋದು ಬೇಡ. ಪೇತ್ರ ತನ್ನ ಮೊದಲ ಪತ್ರದ ಎರಡನೇ ಅಧ್ಯಾಯದಲ್ಲಿ ಇದನ್ನೇ ಕೇಳ್ತಾನೆ: ತಪ್ಪು ಮಾಡಿ ಪೆಟ್ಟು ತಿಂದು ತಾಳಿಕೊಂಡ್ರೆ ಅದರಲ್ಲಿ ಹೊಗಳಿಕೆ ಏನಿದೆ?

ಆದ್ದರಿಂದ ಮೊದಲು ಮೊಣಕಾಲೂರಿ ಕೇಳು, "ಕರ್ತನೇ, ನಾನು ಹಾಕಿದ್ದರಲ್ಲಿ ಯಾರನ್ನಾದ್ರೂ ನೋಯಿಸಿದ್ದೀನಾ?" ಪವಿತ್ರಾತ್ಮನು ತೋರಿಸಿದ್ರೆ ಮಾನಸಾಂತರಪಡು. ಬೈದವರಿಗೆ ಫೋನ್ ಮಾಡಿ ಕ್ಷಮೆ ಕೇಳು. ಅಕೌಂಟ್ ವಾಪಸ್ ಬಾರದೆ ಹೋದ್ರೂ ನೀನು ವಾಪಸ್ ಬಂದ ಹಾಗಾಯ್ತು.

ತಪ್ಪಿಲ್ಲದೆ ಹೋಗಿದ್ಯಾ? ಆಗೋದುಂಟು. ಕೋಟಿಗಟ್ಟಲೆ ಪೋಸ್ಟ್‌ಗಳನ್ನ ಯಂತ್ರ ನೋಡ್ತದೆ, ಯಂತ್ರಕ್ಕೆ ತಮಾಷೆ ಯಾವುದು, ಬೈಗುಳ ಯಾವುದು ಅಂತ ಎಲ್ಲ ಸಲ ತಿಳಿಯಲ್ಲ. ಅಕೌಂಟ್ ಹ್ಯಾಕ್ ಆಗಿ, ಕದ್ದವನು ಮಾಡಿದ ಕೆಲಸಕ್ಕೆ ಮಾಲೀಕನಿಗೆ ಶಿಕ್ಷೆ ಆಗಿರೋದೂ ಇದೆ. ಆಗ ಏನು ಮಾಡ್ಬೇಕು? "ಪಾಸ್ಟರ್, ವಿಶ್ವಾಸ ಇದ್ರೆ ಸುಮ್ನೆ ಇರ್ಬೇಕಲ್ವಾ?" ಅಂತೀರಿ. ಅಪೊಸ್ತಲರ ಕೃತ್ಯಗಳು 25ನೇ ಅಧ್ಯಾಯ ಓದಿ. ಪೌಲನಿಗೆ ನ್ಯಾಯ ಸಿಗಲ್ಲ ಅಂತ ಗೊತ್ತಾದಾಗ ಕೈಸರನ ಮುಂದೆ ಅಪೀಲ್ ಮಾಡಿಕೊಂಡ. ಅದು ಅವಿಶ್ವಾಸ ಅಲ್ಲ, ಹಕ್ಕು.

ಹಾಗಾಗಿ ನೀನೂ ಅಪೀಲ್ ಮಾಡು. ಆ್ಯಪ್ ಒಳಗೇ ಅಪೀಲ್ ದಾರಿ ಇರ್ತದೆ, ಅದಕ್ಕೆ ಗಡುವೂ ಇರ್ತದೆ, ದಿನ ಕಳೀಬೇಡ. ಅದೂ ಆಗದಿದ್ರೆ, 2021ರ ಐಟಿ ನಿಯಮಗಳ ಪ್ರಕಾರ ದೊಡ್ಡ ಸೋಷಿಯಲ್ ಮೀಡಿಯಾ ಕಂಪನಿಗಳು ನಮ್ಮ ದೇಶದಲ್ಲಿ ಕುಂದುಕೊರತೆ ಅಧಿಕಾರಿಯನ್ನ ಇಡಬೇಕು. ಅವರಿಗೆ ಬರೆ. ಅವರ ಉತ್ತರ ಸರಿ ಅನ್ನಿಸದಿದ್ರೆ, 2023ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅದರಲ್ಲಿ ನಿಜವನ್ನೇ ಬರೆ. ಅರ್ಧ ನಿಜ ಬೇಡ.

ಇನ್ನೊಂದು ಮಾತು. ನೀನು ಅಳ್ತಿರೋ ಸಮಯ ನೋಡಿ ಒಬ್ಬ ಮೆಸೇಜ್ ಮಾಡ್ತಾನೆ: "ಬ್ರೋ, ಒಳಗಡೆ ನಮ್ಮವರಿದ್ದಾರೆ, ಐದು ಸಾವಿರ ಕೊಡು, ಅಕೌಂಟ್ ವಾಪಸ್ ತರ್ತೀನಿ." ದುಡ್ಡೂ ಕೊಡಬೇಡ, ಓಟಿಪಿನೂ ಕೊಡಬೇಡ. ಕೊಟ್ಟು ಮೋಸ ಹೋಗಿದ್ರೆ ನಾಚಿಕೆಪಟ್ಟು ಕೂರಬೇಡ, ಕೂಡಲೇ 1930ಕ್ಕೆ ಫೋನ್ ಮಾಡು, ಆಮೇಲೆ ನನಗೂ ಮಾಡು.

ಮೂವತ್ತೈದನೇ ವಚನ

ಈಗ ನನ್ನ ಹೃದಯವನ್ನ ಹಿಡಿದ ವಚನಕ್ಕೆ ಬರ್ತೀನಿ. ಅವನನ್ನ ಹೊರಗೆ ಹಾಕಿದ್ದು ಯೇಸುವಿಗೆ ತಿಳಿದಾಗ, ಯೇಸು ಅವನನ್ನ ಕಂಡುಕೊಂಡು ಮಾತಾಡಿಸಿದನು ಅನ್ನೋ ಅರ್ಥದ ವಚನ ಅದು. ಮೂವತ್ತೈದು.

ಇಲ್ಲಿ ಒಂದು ಗಮನಿಸಿ. ಕಣ್ಣಿಗೆ ಮಣ್ಣು ಹಚ್ಚಿದಾಗ ಅವನು ಕುರುಡ. ಸಿಲೋವಕ್ಕೆ ಹೋಗುವಾಗಲೂ ಕುರುಡ. ತೊಳೆದು ಕಣ್ಣು ಬಂದಾಗ ಯೇಸು ಅಲ್ಲಿರಲಿಲ್ಲ. ಅವನು ಅಕ್ಕಪಕ್ಕದವರ ಮುಖ ನೋಡಿದ, ಫರಿಸಾಯರ ಮುಖ ನೋಡಿದ, ಅಪ್ಪ ಅಮ್ಮನ ಮುಖ ನೋಡಿದ. ತನ್ನನ್ನ ಗುಣಮಾಡಿದವನ ಮುಖ ಇನ್ನೂ ನೋಡಿರಲಿಲ್ಲ! ಧ್ವನಿ ಮಾತ್ರ ಗೊತ್ತಿತ್ತು. ಅವನು ಯೇಸುವಿನ ಮುಖವನ್ನ ಮೊದಲ ಸಲ ಕಣ್ಣಾರೆ ನೋಡಿದ್ದು ಯಾವಾಗ?

ಹೊರಗೆ ಹಾಕಿದ ಮೇಲೆ.

ಸಭಾಮಂದಿರದ ಬಾಗಿಲು ಮುಚ್ಚಿದ ಮೇಲೆ, ಬೀದಿಯಲ್ಲಿ. ನೀನು ನಂಬ್ತೀಯಾ ಅಂತ ಯೇಸು ಕೇಳಿದ್ರು. ಅವನು ಯಾರು ಸ್ವಾಮೀ, ಹೇಳಿ, ನಂಬ್ತೀನಿ ಅಂದ. ನೀನು ಅವನನ್ನ ನೋಡಿದ್ದೀ, ನಿನ್ನ ಜೊತೆ ಮಾತಾಡ್ತಿರೋನೇ ಅವನು ಅಂದ್ರು. ಅವನು ಅಲ್ಲೇ ಅಡ್ಡಬಿದ್ದ.

ತಮ್ಮಾ, ತಂಗೀ, ನಿನ್ನ ಅಕೌಂಟ್ ಹೋದ ರಾತ್ರಿ, ಯಾರ ಲೈಕೂ ಬಾರದ ಆ ರಾತ್ರಿ, ನಿನ್ನನ್ನ ಹುಡುಕಿಕೊಂಡು ಬರೋ ಒಬ್ಬ ಇದ್ದಾನೆ. ಅವನಿಗೆ ನಿನ್ನ ಯೂಸರ್‌ನೇಮ್ ಬೇಕಾಗಿಲ್ಲ. ಲೂಕ ಹತ್ತರಲ್ಲಿ ಶಿಷ್ಯರು ಸೇವೆ ಮುಗಿಸಿ ಕುಣಿದಾಡ್ತಾ ಬಂದು, ದೆವ್ವಗಳೂ ನಮಗೆ ಅಧೀನ ಆದವು ಅಂದ್ರು. ಅಂದ್ರೆ ಸೇವೆ ವೈರಲ್ ಆಗಿತ್ತು! ಆಗ ಯೇಸು ಏನು ಹೇಳಿದ್ರು? ಅದಕ್ಕೆ ಸಂತೋಷಪಡಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ, ಅದಕ್ಕೆ ಸಂತೋಷಪಡಿ ಅಂತ. ಗೆದ್ದ ದಿನವೇ ಯಾಕೆ ಹೇಳಿದ್ರು? ಸೇವೆ ನಿಂತ ದಿನವೂ ಆ ಸಂತೋಷ ನಿಲ್ಲಬಾರದು ಅಂತ. ಜೀವಬಾಧ್ಯರ ಪುಸ್ತಕದಲ್ಲಿ ಬರೆದ ಹೆಸರನ್ನ ಅಳಿಸಲ್ಲ ಅಂತ ಜಯಹೊಂದುವವನಿಗೆ ಪ್ರಕಟಣೆ 3:5ರಲ್ಲಿ ಕರ್ತನೇ ಮಾತು ಕೊಟ್ಟಿದ್ದಾನೆ.

ನನ್ನ ತಪ್ಪು

ಈಗ ಆ ಬ್ಯಾಕಪ್ ಪ್ರಶ್ನೆಗೆ ಬರ್ತೀನಿ. ಇದನ್ನ ಹೇಳೋದು ಕಷ್ಟ, ಆದ್ರೂ ಹೇಳಬೇಕು.

ಅವನ ಅಕೌಂಟ್ ಹೋದ ವಾರವೇ ನಮ್ಮ ಮೀಡಿಯಾ ಟೀಮ್ ಮೀಟಿಂಗ್ ಮಾಡ್ತು. ಹೊಸ ಪೇಜ್ ಯಾರು ನೋಡ್ಕೋಬೇಕು, ಹಳೇ ವಿಡಿಯೋ ಎಲ್ಲಿ ಸಿಗ್ತದೆ, ಎಲ್ಲ ಮಾತಾಡಿದ್ವಿ. ಹದಿನೈದು ದಿನದಲ್ಲಿ ಹೊಸ ಪೇಜ್ ಶುರು ಆಯ್ತು. ನಾನೇ ಪ್ರಾರ್ಥನೆ ಮಾಡಿ ಓಪನ್ ಮಾಡಿದೆ.

ಮೂರನೇ ಭಾನುವಾರ ಸರ್ವಿಸ್ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ವಯಸ್ಸಾದ ತಾಯಿ ಬಂದು ಕೇಳಿದ್ರು, "ಅಯ್ಯನವರೇ, ಆ ಕ್ಯಾಮೆರಾ ಹಿಡ್ಕೊಂಡು ಓಡಾಡೋ ಹುಡುಗ ಎಲ್ಲಿ? ಮೂರು ವಾರದಿಂದ ಕಾಣ್ತಾ ಇಲ್ಲ. ಹುಷಾರಿಲ್ವಾ ಮಗುಗೆ?"

ಆ ತಾಯಿ ಹತ್ರ ಇರೋದು ಬಟನ್ ಫೋನ್. ಅವನ ಪೇಜ್ ಅವರು ಒಂದು ದಿನವೂ ನೋಡಿಲ್ಲ. ಆ ಪೇಜ್ ಇತ್ತು ಅಂತಾನೇ ಗೊತ್ತಿಲ್ಲ. ಪ್ರಾರ್ಥನೆ ಆದ ಮೇಲೆ ಅವನು ಬಂದು "ಅಜ್ಜಿ, ಬಸ್‌ಸ್ಟಾಪ್‌ವರೆಗೂ ಬಿಡ್ತೀನಿ" ಅಂತಿದ್ದ, ಅವರಿಗೆ ಅಷ್ಟೇ ಗೊತ್ತು.

ನಾನು ನಿಂತಲ್ಲೇ ನಿಂತೆ. ಅವನ ಅಕೌಂಟ್ ಹೋಗಿದ್ದು ನಮಗೆ ಒಂದೇ ದಿನದಲ್ಲಿ ಗೊತ್ತಾಯ್ತು. ಅವನು ಹೋಗಿದ್ದು ಮೂರು ವಾರ ಆದ್ರೂ ಗೊತ್ತಾಗಲಿಲ್ಲ.

ಆವತ್ತೇ ಸಾಯಂಕಾಲ ಅವನ ರೂಮಿಗೆ ಹೋದೆ. ಬಾಗಿಲು ತೆಗೆದ, ಗಡ್ಡ ಬಿಟ್ಟಿದ್ದ. ಊರಲ್ಲಿರೋ ಅಮ್ಮನಿಗೂ ಹೇಳಿರಲಿಲ್ಲ. "ಯಾಕೆ ತಮ್ಮಾ ಬರ್ತಿಲ್ಲ?" ಅಂದೆ. ಅವನು ಹೇಳಿದ ಮಾತು ಇವತ್ತಿಗೂ ಚುಚ್ಚುತ್ತೆ. "ಬಂದು ಏನು ಮಾಡ್ಲಿ ಪಾಸ್ಟರ್? ನಾನು ಸಭೆಗೆ ಬೇಕಾಗಿದ್ದೇ ಆ ಪೇಜ್‌ಗೆ ಅಲ್ವಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ನನ್ನ ಮೊದಲ ಪ್ರಶ್ನೆ ಬ್ಯಾಕಪ್ ಬಗ್ಗೆ ಇತ್ತು. ಅವನ ಪಕ್ಕ ನೆಲದ ಮೇಲೆ ಕೂತು ಕ್ಷಮೆ ಕೇಳಿದೆ. ಪ್ರಾರ್ಥನೆ ಮಾಡೋಕೆ ಬಾಯಿ ತೆಗೆದೆ, ಇಬ್ಬರಿಗೂ ಅಳು ಬಂತು. ಇವತ್ತು ನಿಮ್ಮೆಲ್ಲರ ಮುಂದೆ ಇನ್ನೊಂದು ಸಲ ಕೇಳ್ತೀನಿ. ತಮ್ಮಾ, ನೀನು ಹಿಂದಿನ ಸಾಲಲ್ಲಿ ಕೂತಿದ್ದೀಯ, ನನಗೆ ಗೊತ್ತು. ಯೇಸು ಹೊರಗೆ ಬಿದ್ದವನನ್ನ ಹುಡುಕಿಕೊಂಡು ಹೋದ್ರು, ನಾನು ವಿಡಿಯೋ ಹುಡುಕಿಕೊಂಡು ಹೋದೆ. ಕ್ಷಮಿಸು.

ಅವನ ಅಕೌಂಟ್ ವಾಪಸ್ ಬಂತಾ? ಇಲ್ಲ. ಸುಳ್ಳು ಸಾಕ್ಷಿ ಹೇಳಲ್ಲ. ಇನ್ನೂ ಅರ್ಜಿ ಓಡಾಡ್ತಿದೆ. ಏಳು ಬುಕಿಂಗ್‌ನಲ್ಲಿ ಮೂರು ಜನ ಹೇಗೋ ಅವನ ನಂಬರ್ ಹುಡುಕಿ ಫೋನ್ ಮಾಡಿದ್ರು, ನಾಲ್ಕು ಹೋಯ್ತು. ಆದ್ರೆ ಕಳೆದ ಭಾನುವಾರ ಆ ಅಜ್ಜಿ ಬಸ್‌ಸ್ಟಾಪ್‌ಗೆ ಒಬ್ಬರೇ ಹೋಗಲಿಲ್ಲ. ದೇವರಿಗೆ ಸ್ತೋತ್ರ.

ಈ ವಾರ ಮಾಡಿ

ಹಾಗಾದ್ರೆ ನಾವು ಏನು ಮಾಡೋಣ? ಮೂರೇ ಮಾತು.

ಒಂದು, ನಿನ್ನ ಕೆಲಸದ ಜನರ ಫೋನ್ ನಂಬರ್‌ಗಳನ್ನ ಇವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಫೋಟೋ, ವಿಡಿಯೋ ಬೇರೆ ಕಡೆ ಉಳಿಸು. ಬಾಡಿಗೆ ಮನೆಯಲ್ಲಿ ಬಾಳು, ಬೇಡ ಅನ್ನಲ್ಲ. ಒಡವೆಯೆಲ್ಲ ಅಲ್ಲೇ ಇಡಬೇಡ.

ಎರಡು, ಈ ವಾರ ಒಂದು ದಿನ, ಇಪ್ಪತ್ತನಾಲ್ಕು ಗಂಟೆ, ಅಕೌಂಟ್ ಇದ್ದಾಗಲೇ ಅದಿಲ್ಲದ ಹಾಗೆ ಇದ್ದು ನೋಡು. ಆ ದಿನ ನಿನ್ನೊಳಗೆ ಎದ್ದೇಳೋ ಭಯವನ್ನ ಪ್ರಾರ್ಥನೆಯಲ್ಲಿ ಕರ್ತನ ಮುಂದೆ ಇಡು. ಭಯ ಎಲ್ಲಿದೆಯೋ ಅಲ್ಲಿ ನಮ್ಮ ಮನಸ್ಸು ನೆಟ್ಟಿದೆ.

ಮೂರು, ನಿನ್ನ ಫೀಡ್‌ನಿಂದ ಯಾರೋ ಕಾಣದೆ ಹೋಗಿದ್ದಾರೆ. ಮೊದಲು ದಿನಾ ಸ್ಟೋರಿ ಹಾಕ್ತಿದ್ದೋರು, ಈಗ ಇಲ್ಲ. ಬ್ಯಾನ್ ಆಗಿರಬಹುದು, ತಾವೇ ಮುಚ್ಚಿಕೊಂಡಿರಬಹುದು, ಮನಸ್ಸು ಮುರಿದಿರಬಹುದು. ಅವರಿಗೆ ಮೆಸೇಜ್ ಮಾಡಬೇಡ. ಫೋನ್ ಮಾಡು. ಆದ್ರೆ ಮನೆಗೆ ಹೋಗು. "ಏನು ತಪ್ಪು ಮಾಡಿದೆ" ಅಂತ ಕೇಳಬೇಡ. "ಊಟ ಆಯ್ತಾ" ಅಂತ ಕೇಳು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನನ್ನನ್ನ ಯಾರೋ ಹೊರಗೆ ಹಾಕಿದ್ದಾರೆ ಅನ್ನೋರು, ಆ್ಯಪ್‌ನಿಂದ ಇರಬಹುದು, ಕೆಲಸದಿಂದ, ಮನೆಯಿಂದ, ಸಭೆಯಿಂದಲೂ ಇರಬಹುದು, ನಾಚಿಕೆಪಡದೆ ಮುಂದೆ ಬನ್ನಿ. ಇಲ್ಲಿ ಕ್ಯಾಮೆರಾ ಆಫ್ ಮಾಡಿಸಿದ್ದೀನಿ.

ಪ್ರಾರ್ಥಿಸೋಣ. ಪ್ರೀತಿಯುಳ್ಳ ಪರಲೋಕದ ತಂದೆಯೇ, ಬಾಗಿಲು ಮುಚ್ಚಿಸಿಕೊಂಡು ನಿಂತಿರುವ ನಿನ್ನ ಮಕ್ಕಳನ್ನು ನೋಡು. ತಪ್ಪು ಮಾಡಿದವರಿಗೆ ಮುರಿದ ಮನಸ್ಸು ಕೊಡು, ಅನ್ಯಾಯವಾದವರಿಗೆ ನ್ಯಾಯ ಕೊಡು, ಕಾಯುವವರಿಗೆ ತಾಳ್ಮೆ ಕೊಡು. ಸಂಖ್ಯೆಗಳಲ್ಲಿ ನಮ್ಮ ಬೆಲೆ ಹುಡುಕಿದ್ದನ್ನು ಕ್ಷಮಿಸು. ನಿನ್ನ ಮಗನು ಬೀದಿಗೆ ಬಂದು ಆ ಮನುಷ್ಯನನ್ನು ಕಂಡುಕೊಂಡ ಹಾಗೆ ಇವರನ್ನೂ ಕಂಡುಕೋ. ನಮ್ಮನ್ನೂ ಹುಡುಕಿಕೊಂಡು ಹೋಗುವ ಜನರನ್ನಾಗಿ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.